ಹೆಂಗಸರ ಸ್ಥಾನಕ್ಕೆ ನಿಂತದ್ದು

ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ, ಅಂದರೆ ನಮ್ಮ ಮನೆಗೆ ಬಂದಿದ್ದಳು. ನಮ್ಮದು ದೊಡ್ಡೇರಿ ಹೋಬಳಿಯ ಒಂದು ಹಳ್ಳಿ. ಬಸ್ಸು ಹಿಡಿಯಬೇಕಾದರೆ ಎರಡು ಮೈಲಿ ನಡೆಯಬೇಕಿತ್ತು. ಬೆಳಿಗ್ಗೆ ನೋವು ಶುರುವಾಯಿತು. ಸೂಲಗಿತ್ತಿ ಮಧ್ಯಾಹ್ನದವರೆಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಆಮೇಲೆ ಹೊರಗೆ ಬಂದು, “ಮಗ ಅಡ್ಡ ತಿರುಗೈತೆ ಕಣಮ್ಮ, ನನ್ನ ಕೈಲಾಗಕಿಲ್ಲ. ಮಧುಗಿರಿಗೆ ಹೊಂಡ್ಸಿ” ಅಂದಳು. ಗಾಡಿ ಕಟ್ಟಿದೆವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಾದಿನಿ ಉಳಿದಳು, ಮಗು ಉಳಿಯಲಿಲ್ಲ.

ಅಲ್ಲಿದ್ದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ನಮ್ಮ ಪಂಚಾಯಿತಿಯ ನಾಲ್ಕು ಹಳ್ಳಿಗಳಿಗೆ ಕಲಿತ ದಾಯಿಯೊಬ್ಬಳನ್ನು ಕಳಿಸಲು ಸರ್ಕಾರ ಒಪ್ಪಿದೆ, ಆದರೆ ಅವಳಿಗೆ ಇರಲು ಒಂದು ಕೋಣೆಯನ್ನು ಪಂಚಾಯಿತಿ ಕೊಡಬೇಕು, ಎರಡು ಸಲ ಕಾಗದ ಬರೆದರೂ ಉತ್ತರ ಬಂದಿಲ್ಲ, ಎಂದು. ಊರಿಗೆ ಬಂದ ಮೂರನೆಯ ದಿನವೇ ಚೇರ್ಮನ್ನರ ಬಳಿ ಹೋಗಿ ಕೇಳಿದೆ. ಅವರು ಗೌಡರ ಮನೆಯವರು, ಒರಟರಲ್ಲ. ಸಮಾಧಾನವಾಗಿಯೇ ಹೇಳಿದರು: “ಅದು ಹೆಂಗಸರ ವಿಷಯ ಕಣಮ್ಮ. ಹೆಂಗಸರ ಮೆಂಬರು ಮೀಟಿಂಗ್‌ನಲ್ಲಿ ಎತ್ತಬೇಕು. ಅವರು ಎತ್ತಿಲ್ಲ, ನಾನೇನು ಮಾಡ್ಲಿ?”

ಹೆಂಗಸರಿಗೆಂದು ಮೀಸಲಿಟ್ಟ ಸ್ಥಾನ ಒಂದೇ ಒಂದು. ಅದರಲ್ಲಿ ಇದ್ದವರು ಇದೇ ಚೇರ್ಮನ್ನರ ತಾಯಿ. ಊರೆಲ್ಲ ಗೌಡ್ತಮ್ಮ ಎನ್ನುತ್ತಿದ್ದ ಅವರು ಹೊಸ್ತಿಲು ದಾಟಿ ಮೀಟಿಂಗಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಇದು ಅರವತ್ತನೇ ಇಸವಿಯ ಆಸುಪಾಸಿನ ಮಾತು. ಆಗ ನನಗೆ ಇಪ್ಪತ್ತಾರು ವರ್ಷ. ತವರು ಕೊರಟಗೆರೆ. ಅಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದರಿಂದ ಈ ಊರಿನಲ್ಲಿ ಓದು ಬರಹ ಬಲ್ಲ ಸೊಸೆ ಎಂಬ ಹೆಸರಿತ್ತು. ಪಟ್ಟಣಕ್ಕೆ ಹೋದ ಗಂಡಂದಿರ ಕಾಗದಗಳನ್ನು ಓದಿ ಹೇಳುತ್ತಿದ್ದೆ, ಅಷ್ಟೆ. ನಮ್ಮ ಮನೆಯವರು ಜಗಲಿಯ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದರು. ಅವರು ಮಾತು ಕಮ್ಮಿ. ಚುನಾವಣೆ ಬರುತ್ತದೆಂದು ಡಂಗುರ ಸಾರಿದ ದಿನ, “ಹೆಂಗಸರ ಸೀಟಿಗೆ ನಾನು ನಿಲ್ತೀನಿ” ಅಂದೆ. ಅವರು ಮಿಷನ್ನು ತುಳಿಯುವುದನ್ನು ನಿಲ್ಲಿಸಿದರು.

“ಗೌಡರ ಮನೆ ಬಟ್ಟೆ ನಮ್ಮ ಕೈ ಬಿಟ್ಟೋಯ್ತದೆ” ಅಂದರು.

“ಹೋಗ್ಲಿ.”

“ನಿಲ್ಲೋದಾದ್ರೆ ನೆಟ್ಟಗೆ ನಿಂತ್ಕ. ಅರ್ಧಕ್ಕೆ ವಾಪಸ್ ತಗಂಡು ಬಂದ್ಬುಟ್ರೆ ನಾನು ಈ ಜಗಲಿ ಮೇಲೆ ಕೂರಕ್ಕಾಗಲ್ಲ.”

ನಾಮಪತ್ರ ಹಾಕಿದ ಮಾರನೆಯ ದಿನವೇ ಚೇರ್ಮನ್ನರು ನಮ್ಮ ಜಗಲಿಗೆ ಬಂದರು. ಇಷ್ಟು ವರ್ಷ ಆ ಸ್ಥಾನ ಅವಿರೋಧವಾಗಿ ಆಗುತ್ತಿತ್ತು, ಊರು ಒಗ್ಗಟ್ಟಾಗಿತ್ತು, ಈಗ ಒಡೆಯುವುದು ಬೇಡ ಎಂದರು. ಹೇಳಿದ್ದು ನನಗಲ್ಲ, ನಮ್ಮ ಮನೆಯವರಿಗೆ. ನಮ್ಮ ಮನೆಯವರು ಎದ್ದು ನಿಂತು ಎಲ್ಲವನ್ನೂ ಕೇಳಿದರು. “ನಿಂತಿರೋಳು ಅವಳು ಸ್ವಾಮಿ. ಅವಳನ್ನೇ ಕೇಳಿ” ಎಂದರು. ನಾನು ಬಾಗಿಲಲ್ಲೇ ಇದ್ದೆ. ಚೇರ್ಮನ್ನರು ನನ್ನ ಕಡೆ ನೋಡಿದರು, ಏನನ್ನೂ ಕೇಳದೆ ಎದ್ದು ಹೋದರು. ಆ ವಾರದಿಂದ ಗೌಡರ ಮನೆಯ ಬಟ್ಟೆ ಬರಲಿಲ್ಲ. ಅವರನ್ನು ನೋಡಿ ಇನ್ನೂ ನಾಲ್ಕಾರು ಮನೆಯವರು ನಿಲ್ಲಿಸಿದರು.

ಗಂಡಸರು ಪ್ರಚಾರ ಮಾಡುತ್ತಿದ್ದದ್ದು ಅರಳಿಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ. ಅಲ್ಲಿ ನಾನು ಹೋಗಿ ನಿಲ್ಲುವಂತಿರಲಿಲ್ಲ. ಒಬ್ಬಳೇ ಮನೆಮನೆಗೆ ಹೋದರೆ ಹೆಂಗಸರು ಬಾಗಿಲಿಗೆ ಬಂದು, “ನಮ್ಮ ಯಜಮಾನ್ರು ಇಲ್ಲ ಕಣಮ್ಮ” ಎಂದು ಒಳಗೆ ಹೋಗುತ್ತಿದ್ದರು. ನಾನು ಮಾತಾಡಬೇಕಾದದ್ದು ಅವರ ಜೊತೆಗೇ ಎಂದರೆ ನಂಬುತ್ತಿರಲಿಲ್ಲ. ಮೂರು ದಿನ ಹೀಗೇ ತಿರುಗಿ ಕಾಲು ಸೋತು ಕೂತಿದ್ದಾಗ ಬಳೆಯಮ್ಮ ಬಂದಳು.

ಅವಳು ಸಿರಾದ ಸಾಬರ ಮನೆತನದವಳು. ಗಂಡ ತೀರಿಕೊಂಡ ಮೇಲೆ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ನಮ್ಮ ಸೀಮೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದಳು. ಯಾವ ಮನೆಯಲ್ಲೂ ಅವಳಿಗೆ ನಡುಮನೆಯವರೆಗೆ ದಾರಿ ಇತ್ತು. ನನ್ನ ಪಾಡು ಕೇಳಿ ಅವಳು ಅಂದಳು: “ನೋಡು ಬೇಟಿ, ಇಂಥೋರ್ಗೆ ಓಟು ಹಾಕು ಅಂತ ನಾನು ಯಾರಿಗೂ ಹೇಳಲ್ಲ. ನನ್ನ ಯಾಪಾರಕ್ಕೆ ಅದು ಆಗಾಕಿಲ್ಲ. ನೀನು ನನ್ನ ಜೊತೇಲಿ ಬಾ. ನಾನು ಬಳೆ ಇಕ್ತೀನಿ, ನೀನು ಮಾತಾಡು. ಅರ್ಧ ಕೈಗೆ ಬಳೆ ಇಕ್ಕಿಸ್ಕಂಡೋಳು ಎದ್ದು ಹೋಗಕ್ಕಾಯ್ತದಾ?”

ಹಾಗೆ ನನ್ನ ಪ್ರಚಾರ ಶುರುವಾಯಿತು. ಬಳೆಯಮ್ಮ ಒಬ್ಬಳ ಕೈಯನ್ನು ಹಿಡಿದು, ಬೆರಳು ಒತ್ತಿ ಒತ್ತಿ ಮೆದು ಮಾಡಿ ಬಳೆ ಏರಿಸುತ್ತಿದ್ದಳು. ಸುತ್ತ ಹತ್ತು ಹೆಂಗಸರು ಕೂತಿರುತ್ತಿದ್ದರು. ನಾನು ನನ್ನ ನಾದಿನಿಯ ಕತೆ ಹೇಳುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಒಬ್ಬಳಾದರೂ ತನ್ನದನ್ನು ಶುರುಮಾಡುತ್ತಿದ್ದಳು. ಚುನಾವಣೆಯಲ್ಲಿ ನನ್ನ ಗುರುತು ಏಣಿ, ಎದುರಿಗಿದ್ದ ಗೌಡ್ತಮ್ಮನವರದು ಛತ್ರಿ. “ಮಾಳಿಗೆ ಮೇಲೆ ಮೆಣಸಿನಕಾಯಿ ಒಣಾಕೋಳಿಗೆ ಏಣಿ ಬೇಕೇ ಬೇಕು ಬುಡು” ಎಂದು ಒಬ್ಬ ಅಜ್ಜಿ ನಗಿಸಿದಳು. ನಗುವುದು ಬೇರೆ, ಓಟು ಬೇರೆ ಎಂದು ನನಗೂ ಗೊತ್ತಿತ್ತು.

ನಿಜವಾದ ತೊಡಕು ಗೊತ್ತಾದದ್ದು ತೆಲುಗು ಮಾತಾಡುವ ಜನರ ಹಟ್ಟಿಯಲ್ಲಿ. ನಮ್ಮ ಪಂಚಾಯಿತಿಯ ಕಡೆಯ ಊರು ಅದು, ಪಾವಗಡದ ಕಡೆಯಿಂದ ಬಂದು ನೆಲೆಸಿದವರು. ಹೋದ ಸಲ ಓಟು ಹಾಕಿದಿರಾ ಎಂದು ಕೇಳಿದೆ. ಹೋಗಿದ್ದೆವು, ಹಾಕದೆ ಬಂದೆವು ಎಂದರು. ಯಾಕೆ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಒಬ್ಬಳು, “ಮಾ ಆಯನ ಪೇರು ನೇನೆಟ್ಲ ಚೆಪ್ಪೇದಿ?” ಅಂದಳು, ನಮ್ಮವರ ಹೆಸರನ್ನು ನಾನು ಹೇಗೆ ಹೇಳಲಿ ಎಂದು. ಮತಗಟ್ಟೆಯ ಅಧಿಕಾರಿ ಗಂಡನ ಹೆಸರು ಕೇಳಿದ್ದಾನೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೆ? ಇವರು ಸೆರಗು ಕಚ್ಚಿಕೊಂಡು ನಿಂತಿದ್ದಾರೆ, ಅವನು ಮುಂದೆ ಹೋಗಿ ಅಂದಿದ್ದಾನೆ. ಬೇರೆ ಊರುಗಳಲ್ಲಿ ವಿಚಾರಿಸಿದೆ. ಎಲ್ಲ ಕಡೆಯೂ ಇದೇ ಆಗಿತ್ತು. ನಾನೂ ಅದುವರೆಗೆ ನಮ್ಮ ಮನೆಯವರ ಹೆಸರನ್ನು ಹೇಳಿದವಳಲ್ಲ, ಈಗಲೂ ಇಲ್ಲಿ ಬರೆಯುತ್ತಿಲ್ಲ.

ಮಾತಿನಲ್ಲಿ ಹೇಳದಿದ್ದರೆ ಬರೆದು ಕೊಡಬಹುದಲ್ಲ ಎಂದು ಹೊಳೆಯಿತು. ಮಧುಗಿರಿಯ ತಾಲ್ಲೂಕು ಕಚೇರಿಗೆ ಹೋದೆ. ಮತದಾರರ ಪಟ್ಟಿಯನ್ನು ಮನೆಗೆ ಕೊಡಲು ಬರುವುದಿಲ್ಲ, ಇಲ್ಲೇ ಕೂತು ಬರೆದುಕೋ ಎಂದರು ಗುಮಾಸ್ತರು. ಮೂರು ದಿನ ಅಲ್ಲಿನ ಕಲ್ಲು ಜಗಲಿಯ ಮೇಲೆ ಕೂತು ಹೆಂಗಸರ ವಿವರಗಳನ್ನಷ್ಟೇ ನಕಲು ಮಾಡಿದೆ. ಕೆಲವು ಕಡೆ ಹೆಸರೇ ಇರಲಿಲ್ಲ, ‘ಇಂಥವನ ಹೆಂಡತಿ’ ಎಂದು ಮಾತ್ರ ಇತ್ತು. ಊರಿಗೆ ಬಂದು ಒಬ್ಬೊಬ್ಬರಿಗೂ ಒಂದು ಚೀಟಿ ಬರೆದೆ. ಪಟ್ಟಿಯ ಸಂಖ್ಯೆ, ಅವಳ ಹೆಸರು, ಗಂಡನ ಹೆಸರು. ಹೆಸರಿಲ್ಲದವರ ಚೀಟಿಯಲ್ಲಿ ಪಟ್ಟಿಯಲ್ಲಿದ್ದಂತೆ ಬರೆದು, ಪಕ್ಕದಲ್ಲಿ ಅವಳ ಸ್ವಂತ ಹೆಸರನ್ನೂ ಸೇರಿಸಿದೆ. ಮುನ್ನೂರಕ್ಕೂ ಮೇಲೆ ಚೀಟಿಗಳು. ಬರೆದು ಬರೆದು ಹೆಬ್ಬೆರಳು ಮರಗಟ್ಟಿತು. ನಮ್ಮ ಮನೆಯವರು ಹೊಲಿಗೆ ಇಲ್ಲದೆ ಕೂತಿದ್ದರಲ್ಲ, ಕಾಗದವನ್ನು ಕತ್ತರಿಸಿ ಒಂದೇ ಅಳತೆಗೆ ಕೊಟ್ಟರು. ಚೀಟಿಯ ಮೇಲೆ ಏಣಿಯ ಚಿತ್ರ ಹಾಕಲೇ ಎಂದು ಕೇಳಿದರು. ಬೇಡ ಅಂದೆ. ಏಣಿ ಇದ್ದರೆ ಛತ್ರಿಯವರ ಮನೆಯಲ್ಲಿ ಅದನ್ನು ಹರಿದು ಹಾಕುತ್ತಾರೆ, ಆಮೇಲೆ ಆ ಹೆಂಗಸು ಯಾರಿಗೂ ಓಟು ಹಾಕದ ಹಾಗಾಗುತ್ತದೆ.

ಕಡೆಯ ದಿನಗಳಲ್ಲಿ ಬಳೆಯಮ್ಮ, “ಇವತ್ತು ಗೌಡರ ಮನೆ ಸೊಸೇರು ಕರ್ದವ್ರೆ. ಬರ್ತೀಯಾ?” ಅಂದಳು. ಅವಳ ಹಿಂದೆ ಹೋದೆ. ಚೇರ್ಮನ್ನರು ಹೊಲದ ಕಡೆ ಹೋಗಿದ್ದರು. ಗೌಡ್ತಮ್ಮನವರು ತೊಟ್ಟಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಮಣೆ ತಳ್ಳಿದರು.

“ದರ್ಜಿ ಮನೆ ಹೆಣ್ಣಲ್ವಾ? ಏನ್ ಬಂದೆ ತಾಯಿ?”

“ಓಟು ಕೇಳಕ್ಕೆ ಬಂದೆ ಗೌಡ್ತಮ್ಮ. ನಿಮ್ಮ ಎದುರಿಗೆ ನಿಂತಿದೀನಿ. ನಿಮ್ಮನ್ನ ಕೇಳ್ದೆ ಬೇರೆಯೋರ್ನ ಕೇಳೋದು ಸರಿ ಕಾಣಲಿಲ್ಲ.”

ಮೊರ ನಿಂತಿತು. “ನನ್ನ ಎದುರಿಗಾ? ನಾನೆಲ್ಲಿ ನಿಂತಿವ್ನಿ?”

ಸೊಸೆಯರು ತಲೆ ತಗ್ಗಿಸಿದರು. ಪಂಚಾಯಿತಿಯ ಹೆಂಗಸರ ಸ್ಥಾನಕ್ಕೆ ನೀವು ನಿಂತಿದ್ದೀರಿ, ಹೋದ ಸಲವೂ ನೀವೇ ಮೆಂಬರು ಎಂದು ನಾನೇ ಹೇಳಬೇಕಾಯಿತು. ಅವರು ನಂಬಲಾರದೆ ಸೊಸೆಯ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು.

“ನನ್ ಮಗ ಹೆಬ್ಬೆಟ್ಟು ಒತ್ತಿಸ್ಕಂಡ. ಯಾವ್ದೋ ಜಮೀನಿನ ಕಾಗ್ದ ಅಂದ್ಕಂಡಿದ್ದೆ” ಅಂದರು. ಆಮೇಲೆ, “ಮೆಂಬರು ಅಂದ್ರೆ ಏನ್ ಮಾಡ್ಬೇಕು?” ಎಂದು ಕೇಳಿದರು.

ನಾನು ದಾಯಿಯ ಕೋಣೆಯ ವಿಷಯವನ್ನೆಲ್ಲ ಹೇಳಿದೆ. ಎರಡು ಕಾಗದಗಳು ಬಂದು ಮೂಲೆ ಸೇರಿದ್ದನ್ನೂ, ನಾದಿನಿಯ ಮಗುವನ್ನೂ. ಮುಗಿದ ಮೇಲೆ, “ನಂಗೂ ಎರಡು ಹಂಗೇ ಹೋದ್ವು. ಇವನಿಗಿಂತ ಮುಂಚೆ” ಅಂದರು. ಏಳುವಾಗ ನನ್ನ ಸೆರಗು ಹಿಡಿದು, “ನಂಗೂ ಒಂದು ಚೀಟಿ ಬರ್ಕೊಡು. ನಮ್ಮೋರು ತೀರ್ಕಂಡಿದ್ರೂ ಅವರ ಹೆಸರು ನಾನು ಹೇಳಾಕಿಲ್ಲ” ಅಂದರು. ಬರೆದುಕೊಟ್ಟೆ.

ಚುನಾವಣೆಯ ದಿನ ಶಾಲೆಯ ಮುಂದೆ ಹೆಂಗಸರ ಸಾಲು ಗಂಡಸರದಕ್ಕಿಂತ ಉದ್ದವಿತ್ತು. ಅಧಿಕಾರಿ ಬೇರೆ ಊರಿನ ಮೇಷ್ಟರು. ಮೊದಲು ಬಂದವಳು ಚೀಟಿ ನೀಡಿದಳು. “ಚೀಟಿ ಬೇಡ, ಬಾಯಲ್ಲಿ ಹೇಳಮ್ಮ” ಎಂದು ಅವರು ಹಟ ಹಿಡಿದು ಕೂತರು. ಅವಳು ಹಿಂದೆ ಸರಿದಳು. ಸಾಲು ಅಲ್ಲಾಡತೊಡಗಿತು. ಇಷ್ಟು ದಿನದ ಕೆಲಸ ಇಲ್ಲೇ ಮಣ್ಣಾಗುತ್ತದೆ ಅನ್ನಿಸಿತು. ಅಭ್ಯರ್ಥಿಗಳು ಕೂರುವ ಬೆಂಚಿನಿಂದ ಎದ್ದು ಹೋಗಿ ಕೇಳಿದೆ:

“ಸ್ವಾಮಿ, ನಿಮ್ಮ ಮನೆಯವರು ನಿಮ್ಮ ಹೆಸರು ಹೇಳ್ತಾರಾ?”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸಿಟ್ಟಾದರೆಂದು ತಿಳಿದೆ. “ಇಲ್ಲ” ಅಂದರು, ಮೆಲ್ಲಗೆ. ಚೀಟಿಗೆ ಕೈ ಚಾಚಿದರು. ಆಮೇಲೆ ಸಂಜೆಯವರೆಗೆ ಒಬ್ಬಳನ್ನೂ ವಾಪಸ್ಸು ಕಳಿಸಲಿಲ್ಲ. ತೆಲುಗು ಹಟ್ಟಿಯವರು ಎರಡು ಗಾಡಿಗಳಲ್ಲಿ ಬಂದರು. ಗೌಡ್ತಮ್ಮನವರೂ ಸೊಸೆಯ ಭುಜ ಹಿಡಿದು ಬಂದು ಓಟು ಹಾಕಿ ಹೋದರು. ಯಾರಿಗೆ ಹಾಕಿದರೋ, ನಾನು ಎಂದೂ ಕೇಳಲಿಲ್ಲ.

ನಾನು ಒಂಬತ್ತು ಓಟಿನಿಂದ ಸೋತೆ. ಹೆಂಗಸರ ಓಟುಗಳು ನನಗೆ ಬಹಳ ಬಂದಿದ್ದವು ಎಂದು ಊರಿನವರು ಅಂದಾಜು ಹೇಳಿದರು. ಗಂಡಸರದು ಬಂದಿರಲಿಲ್ಲ. ಮನೆಗೆ ಬಂದು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಅಳು ಬರಲಿಲ್ಲ. ಒಂಬತ್ತು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾವ ಒಂಬತ್ತು ಮನೆಗಳಿಗೆ ನಾನು ಎರಡನೆಯ ಸಲ ಹೋಗಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ, “ಮುಗೀತಲ್ಲ, ಇನ್ನು ಸುಮ್ಕಿರು” ಅಂದರು. ಮುಂದಿನ ಸಲಕ್ಕೆ ಬೇಕಾಗುತ್ತದೆಂದು ನಕಲು ಮಾಡಿದ ಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟೆ.

ಹದಿನೈದು ದಿನ ಕಳೆದು ಗೌಡ್ತಮ್ಮನವರಿಂದ ಕರೆ ಬಂತು. ಹೋದರೆ ಅವರು ಮಗ್ಗದ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದರು.

“ಇವತ್ತು ಮೀಟಿಂಗಂತೆ. ನನ್ ಜೊತೇಲಿ ಬಾ.”

ಪಂಚಾಯಿತಿಯ ಚಾವಡಿಗೆ ಅವರು ಕಾಲಿಟ್ಟಾಗ ಗಂಡಸರೆಲ್ಲ ಎದ್ದು ನಿಂತರು. ಚೇರ್ಮನ್ನರು ಎದುರಿಗೆ ಬಂದರು. “ನೀನ್ಯಾಕೆ ಬರಕ್ಕೋದೆ ಅವ್ವ, ಹೆಬ್ಬೆಟ್ಟಿಗೆ ಪುಸ್ತಕ ಮನೇಗೇ ಕಳ್ಸ್ತಿದ್ದೆ” ಅಂದರು.

“ನಾನೇ ಗೆದ್ದೋಳು ಅಂತೆ” ಅಂದರು ಗೌಡ್ತಮ್ಮ. “ಗೆದ್ಮೇಲೆ ಬರಬಾರ್ದಾ? ಆ ಸೂಲಗಿತ್ತಿ ಕೋಣೆ ಕಾಗ್ದ ಎಲ್ಲೈತೆ, ತೆಗಿ. ನಮ್ಮ ಹಿತ್ಲ ಕಡೆ ಕಾಳಿನ ಕೋಣೆ ಖಾಲಿ ಬಿದ್ದೈತೆ. ಅದ್ನ ಕೊಡೋದು ಅಂತ ಬರ್ಕೊಳ್ಳಿ.”

ಯಾರೂ ಬೇಡ ಎನ್ನಲಿಲ್ಲ. ಎನ್ನುವ ಹಾಗೂ ಇರಲಿಲ್ಲ. ಎರಡು ತಿಂಗಳಲ್ಲಿ ದಾಯಿ ಬಂದಳು. ತುಮಕೂರಿನ ಕಡೆಯ ಹುಡುಗಿ, ಕೈಯಲ್ಲಿ ಸೂಟ್‌ಕೇಸು. ಮೊದಲ ವಾರ ಯಾರೂ ಅವಳನ್ನು ಕರೆಯಲಿಲ್ಲ. ಆಮೇಲೆ ಸೂಲಗಿತ್ತಿಯೇ ಬಂದು ಒಂದು ಹೆರಿಗೆಗೆ ಅವಳನ್ನು ಕರೆದುಕೊಂಡು ಹೋದಳು.

ಮುಂದಿನ ಚುನಾವಣೆಯಲ್ಲಿ ನಾನು ಮತ್ತೆ ನಿಂತೆ. ಈ ಸಲ ಹೆಂಗಸರ ಸ್ಥಾನಕ್ಕಲ್ಲ, ಎಲ್ಲರಿಗೂ ತೆರೆದ ಸ್ಥಾನಕ್ಕೆ, ಇಬ್ಬರು ಗಂಡಸರ ಎದುರಿಗೆ. ಅವರಲ್ಲೊಬ್ಬರು ಟೀ ಅಂಗಡಿಯಲ್ಲಿ, “ಸೀರೆ ಉಟ್ಟೋರಿಗೆ ಬೇರೆ ಸೀಟೈತಲ್ಲ, ಇಲ್ಲಿಗ್ಯಾಕೆ?” ಎಂದು ಕೇಳಿದರಂತೆ. ನಾನು ಉತ್ತರ ಕೊಡುತ್ತಾ ಕೂರಲಿಲ್ಲ, ಮನೆಗಳಿಗೆ ಎರಡೆರಡು ಸಲ ಹೋದೆ. ಗಂಡಸರನ್ನೂ ನೇರವಾಗಿ ಕೇಳಿದೆ, ಅರಳಿಕಟ್ಟೆಗೂ ಹೋಗಿ ನಿಂತು ಮಾತಾಡಿದೆ. ಗೆದ್ದೆ.

ಮೊದಲ ಮೀಟಿಂಗಿನ ದಿನ ಚಾವಡಿಯಲ್ಲಿ ಗಂಡಸರ ಕುರ್ಚಿಗಳು ಮೇಜಿನ ಸುತ್ತ ಇದ್ದವು. ನನ್ನದನ್ನು ಬಾಗಿಲ ಪಕ್ಕ, ಗೋಡೆಗೆ ಒತ್ತಿ ಹಾಕಿದ್ದರು. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಹತ್ತಿರ ಹಾಕಿಕೊಂಡು ಕೂತೆ. ತೆಲುಗು ಹಟ್ಟಿಗೆ ಹೋಗುವ ರಸ್ತೆಯ ವಿಷಯ ಮೊದಲು ತೆಗೆದುಕೊಳ್ಳೋಣ ಅಂದೆ.