ಸಣ್ಣದನ್ನೇ ಬಾರಿಸಲಿ ಎಂಬ ಮಾತು

ತಂಗಿಗೆ ಮುಟ್ಟಿಸಬೇಕಾಗಿದ್ದ ಒಂದು ಮಾತನ್ನು ನಾನು ಮುಟ್ಟಿಸಲಿಲ್ಲ. ಮರೆತೆ ಎಂದು ಬರೆದರೆ ಓದಿದವರು ನಂಬಬಹುದು. ಆದರೆ ಮರೆತಿರಲಿಲ್ಲ. ವಾಡಿ ಸ್ಟೇಷನ್ನಿನಿಂದ ಮನೆಯವರೆಗೆ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ನಡೆದು ಬಂದೆ, ಬಾಗಿಲಲ್ಲಿ ನುಂಗಿದೆ.

ಆಗ ನಮ್ಮ ಅಪ್ಪನ ಕಿರಾಣಿ ಅಂಗಡಿ ವಾಡಿ ಜಂಕ್ಷನ್ನಿನ ಹೊರಗಿತ್ತು. ರೈಲ್ವೆ ಕಾಲೊನಿಯ ಮನೆಗಳಿಗೆ ಸಕ್ಕರೆ, ಚಹಾಪುಡಿ, ಗೋಧಿಹಿಟ್ಟು ನಮ್ಮಲ್ಲಿಂದಲೇ ಹೋಗುತ್ತಿತ್ತು. ನಿಜಾಮರ ಆಡಳಿತ ಆಗಷ್ಟೇ ಮುಗಿದಿತ್ತು. ಇನ್ನು ಇಂಗ್ಲಿಷ್ ಬಂದವರದೇ ಕಾಲ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಹೇಳುತ್ತಿದ್ದರು. ನಾನು ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿ ಮನೆಯಲ್ಲಿ ಉಳಿದವಳು. ಕನ್ನಡ ಅಕ್ಷರಗಳನ್ನು ಅವ್ವನ ವಚನದ ಪುಸ್ತಕ ನೋಡಿ ಕೂಡಿಸಿಕೊಂಡೆ. ತಂಗಿ ನನಗಿಂತ ಚಿಕ್ಕವಳು, ಚುರುಕು. ಎಂಜಿನ್ ಡ್ರೈವರರೊಬ್ಬರ ಹೆಂಡತಿ ಆಕೆಗೆ ಇಂಗ್ಲಿಷ್ ಕಲಿಸಲು ಒಪ್ಪಿದರು. ಅವರನ್ನು ನಾವು ಮೇಮಸಾಬರು ಎನ್ನುತ್ತಿದ್ದೆವು. ಇಂಗ್ಲಿಷಿನ ಬೆನ್ನಿಗೇ ಪಿಯಾನೊ ಬಂತು. ಅಪ್ಪನಿಗೆ ಅದು ಇಷ್ಟವಿರಲಿಲ್ಲ, ಆದರೆ ಒಂದರ ಜೊತೆ ಇನ್ನೊಂದು ಪುಕ್ಕಟೆ ಸಿಕ್ಕರೆ ಬೇಡ ಎನ್ನುವ ವ್ಯಾಪಾರಿ ಅವನಲ್ಲ.

ಪ್ರಾಯದ ಹುಡುಗಿ ಒಬ್ಬಳೇ ಕಾಲೊನಿಗೆ ಹೋಗುವಂತಿರಲಿಲ್ಲ. ಕಾವಲಿಗೆ ನಾನು. ರೈಲ್ವೆಯವರು ಕೂಡಿ ಕುಣಿಯುವ, ಇಸ್ಪೀಟು ಆಡುವ ದೊಡ್ಡ ಹಾಲಿನ ಮೂಲೆಯಲ್ಲಿ ಪಿಯಾನೊ ಇತ್ತು. ನಮ್ಮ ಕಡೆಯ ಬೇಸಿಗೆಗೆ ಅದರ ಮರ ಒಣಗಿ ಸ್ವರ ಕೆಡಬಾರದೆಂದು ಮೇಮಸಾಬರು ಅದರ ಹೊಟ್ಟೆಯೊಳಗೆ ಒಂದು ಗಡಿಗೆ ನೀರು ಇಡಿಸುತ್ತಿದ್ದರು. ಗಡಿಗೆ ತುಂಬುವುದು ತಂಗಿಯ ಕೆಲಸ. ನಾನು ಕಿಟಕಿಯ ಹತ್ತಿರ ಕೂತು ಕುಬಸ ಹೊಲಿಯುತ್ತಿದ್ದೆ. ಕೆಲವು ತಿಂಗಳ ಮೇಲೆ ನನಗೂ ಒಂದು ಕೆಲಸ ಸಿಕ್ಕಿತು. ಬಾರಿಸುವವರ ಎರಡೂ ಕೈ ಪಿಯಾನೊದ ಕಪ್ಪು-ಬಿಳಿ ಮನೆಗಳ ಮೇಲೆ ಇರುವಾಗ ಪುಸ್ತಕದ ಹಾಳೆ ತಿರುವಲು ಇನ್ನೊಬ್ಬರು ಬೇಕು. ನನಗೆ ಆ ಬರಹ ಓದಲು ಬಾರದು. ತಂಗಿ ತಲೆಯನ್ನು ಕೊಂಚ ತಗ್ಗಿಸಿದೊಡನೆ ನಾನು ಹಾಳೆ ತಿರುವಬೇಕು. ಸದ್ದಿಲ್ಲದೆ ತಿರುವುವುದನ್ನು ಕಲಿತೆ. ಮೇಮಸಾಬರು ಒಮ್ಮೆ ನನ್ನ ಬೆನ್ನು ತಟ್ಟಿದರು. ಶಾಲೆ ಬಿಟ್ಟ ಮೇಲೆ ಯಾರೂ ನನ್ನನ್ನು ಹಾಗೆ ಮೆಚ್ಚಿರಲಿಲ್ಲ.

ಯಾವ ಹುಡುಗಿಗೆ ಯಾವ ಪಾಠ ಎಂದು ಆರಿಸುವುದರಲ್ಲಿ ಮೇಮಸಾಬರು ಬಹಳ ಹೊತ್ತು ಕಳೆಯುತ್ತಿದ್ದರು. ಟ್ರಂಕಿನಿಂದ ಪುಸ್ತಕಗಳನ್ನು ತೆಗೆದು ನೆಲದ ಮೇಲೆ ಹರಡುವರು. ಹುಡುಗಿಯ ಅಂಗೈಯನ್ನು ಮೇಜಿನ ಮೇಲೆ ಅಗಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಎಷ್ಟು ಚಾಚುತ್ತದೆಂದು ನೋಡುವರು. ಕಲಿಯಲು ಕೊಡುವುದು ಕೈಗಿಂತ ಕೊಂಚ ದೊಡ್ಡದಿರಬೇಕು, ಜನರ ಮುಂದೆ ಬಾರಿಸುವುದು ಕೈಗಿಂತ ಸಣ್ಣದಿರಬೇಕು ಎಂಬುದು ಅವರ ಲೆಕ್ಕ. ಮಕ್ಕಳ ಅಂಗಿಯನ್ನು ನಾವು ಬೆಳೆಯಲೆಂದು ದೊಡ್ಡದಾಗಿ ಹೊಲಿಯುತ್ತೇವಲ್ಲ, ಕಲಿಯುವ ಪಾಠ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಇನ್ನರ್ಧವನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ತಂಗಿಯ ಕೈ ಚಿಕ್ಕದು. ಕೊನೆಯ ವರ್ಷ ಆಕೆಯ ಹತ್ತಿರ ಎರಡು ಪಾಠಗಳಿದ್ದವು. ಒಂದು ದೊಡ್ಡದು, ಹಾಳೆಗಳು ಇರುವೆ ಮುತ್ತಿದಂತೆ ಕಪ್ಪಗೆ. ಎಡಗೈ ಅತ್ತಿಂದಿತ್ತ ಹಾರಬೇಕು. ಅದನ್ನು ಕೈ ಪಳಗಲಿ ಎಂದಷ್ಟೇ ಕೊಟ್ಟಿದ್ದರು. ಇನ್ನೊಂದು ಸಣ್ಣ ಮಕ್ಕಳೂ ಬಾರಿಸುವಂಥದ್ದು. ಬಲಗೈ ಏನೋ ಕೇಳುತ್ತದೆ, ಎಡಗೈ ನಿಧಾನವಾಗಿ ಉತ್ತರ ಕೊಡುತ್ತದೆ, ಅಷ್ಟೇ. ತಂಗಿ ಅದನ್ನು ಬಾರಿಸುವಾಗ ನನ್ನ ಸೂಜಿ ತಾನಾಗಿ ನಿಲ್ಲುತ್ತಿತ್ತು.

ಆ ವರ್ಷ ಶಹಾಬಾದಿನ ಒಂದು ಹುಡುಗಿಯರ ಶಾಲೆಗೆ ಚಿಕ್ಕ ಮಕ್ಕಳಿಗೆ ಪಿಯಾನೊ ಕಲಿಸುವವರು ಬೇಕಾಗಿದ್ದರು. ಮೇಮಸಾಬರು ತಂಗಿಯ ವಿಷಯ ಹೇಳಿದ್ದರು. ಶಾಲೆ ನಡೆಸುವ ದೊಡ್ಡ ಅಕ್ಕೋರು ಒಂದು ದಿನ ಬಂದು ಏನಾದರೂ ಬಾರಿಸಿ ತೋರಿಸಲಿ ಎಂದಿದ್ದರು. ಕೆಲಸ ಸಿಕ್ಕರೆ ಎರಡು ವರ್ಷ ಮದುವೆಯ ಮಾತು ಎತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದ. ತಂಗಿಗೆ ಬೇಕಾಗಿದ್ದದ್ದು ಅದೊಂದೇ. ಗೋಡೆಯ ಕಡೆ ಮುಖ ಮಾಡಿ, ಇಲ್ಲದ ಮಕ್ಕಳಿಗೆ ಪಾಠ ಹೇಳುವುದನ್ನು ನಾನು ಅಡಿಗೆಮನೆಯಿಂದ ಕೇಳಿಸಿಕೊಂಡಿದ್ದೇನೆ.

ಅಷ್ಟರಲ್ಲಿ ಮೇಮಸಾಬರ ಗಂಡನಿಗೆ ವರ್ಗವಾಯಿತು. ಅವರು ಹೊರಡುವ ದಿನ ತಂಗಿಗೆ ಕಣ್ಣು ಬಂದು ಕೆಂಪಾಗಿತ್ತು. ಅವ್ವ ಹೊರಗೆ ಬಿಡಲಿಲ್ಲ. ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಸ್ಟೇಷನ್ನಿಗೆ ನಾನೊಬ್ಬಳೇ ಹೋದೆ. ಮೇಮಸಾಬರು ರೈಲಿನ ಡಬ್ಬಿಯ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, ಸಣ್ಣದನ್ನೇ ಬಾರಿಸಲಿ ಎಂದು ಹೇಳು, ದೊಡ್ಡದನ್ನು ಮುಟ್ಟಬಾರದು ಎಂದು ತಮ್ಮ ರೈಲ್ವೆ ಹಿಂದೂಸ್ತಾನಿಯಲ್ಲಿ ಎರಡು ಸಲ ಹೇಳಿದರು. ಶಾಲೆಯವರಿಗೆ ಬೇಕಾದದ್ದು ಕಲಿಸುವವರು. ಸಣ್ಣ ಪಾಠವನ್ನು ಅಷ್ಟು ಚೆಂದ ಬಾರಿಸುವವಳನ್ನು ಅವರು ಬಿಡುವುದಿಲ್ಲ. ನಿನ್ನ ತಂಗಿ ಕಲಿಸಲಿಕ್ಕೆಂದೇ ಹುಟ್ಟಿದವಳು. ಇದಿಷ್ಟೂ ಹೇಳಿದರು. ಗಾಡಿ ಬಿಟ್ಟಿತು.

ದಾರಿಯಲ್ಲಿ ನನಗೆ ನನ್ನನ್ನು ನೋಡಲು ಬಂದಿದ್ದವರ ನೆನಪಾಯಿತು. ಹಿಂದಿನ ತಿಂಗಳು ಸೇಡಂ ಕಡೆಯವರು ಬಂದಿದ್ದರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಮಾಡಿದ್ದರಲ್ಲೇ ದೊಡ್ಡ ಕೌದಿಯನ್ನು, ಎಲ್ಲಕ್ಕಿಂತ ಕಷ್ಟದ ಕಸೂತಿಯನ್ನು ಹಾಸಿ ತೋರಿಸುತ್ತಾರೆ. ಕೈಬಟ್ಟೆಯನ್ನು ಎಷ್ಟು ನೀಟಾಗಿ ಹೊಲಿದಿದ್ದರೂ ಯಾರೂ ಹೊರಗೆ ತೆಗೆಯುವುದಿಲ್ಲ. ನನ್ನ ಕೌದಿ ಪಡಸಾಲೆಯ ತುಂಬ ಹರಡಿತ್ತು, ನನ್ನ ಮದುವೆ ಗೊತ್ತಾಯಿತು. ಹಾಗಿರುವಾಗ ಮೂರು ವರ್ಷ ಕಲಿತ ಹುಡುಗಿ ಪರಸ್ಥಳದವರ ಮುಂದೆ ಕೂಸುಗಳ ಪಾಠ ಬಾರಿಸಿದರೆ ಮನೆಯ ಮರ್ಯಾದೆ ಏನಾಗಬೇಕು? ಇವರಿಗೆ ನಮ್ಮ ರೀತಿ ಗೊತ್ತಿಲ್ಲ ಎಂದುಕೊಂಡೆ.

ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಇನ್ನೊಂದಿತ್ತು. ಸಣ್ಣ ಪಾಠ ಒಂದೇ ಹಾಳೆಯದು. ಅದಕ್ಕೆ ತಿರುವುವವರು ಬೇಡ. ಶಹಾಬಾದಿಗೆ ಹೋದ ದಿನ ನಾನು ಬಾಗಿಲ ಹತ್ತಿರ ಚಪ್ಪಲಿ ಕಾಯ್ದುಕೊಂಡು ಕೂರಬೇಕಾಗುತ್ತಿತ್ತು. ದೊಡ್ಡದಾದರೆ ಪಿಯಾನೊದ ಪಕ್ಕ ನಿಲ್ಲಬಹುದು. ನಿಲ್ಲುವುದಕ್ಕೆಂದು ಇಳಕಲ್ ಸೀರೆಯೊಂದನ್ನು ಆಗಲೇ ಮಡಿಕೆ ಹಾಕಿ ಹಾಸಿಗೆಯ ಕೆಳಗೆ ಇಟ್ಟಿದ್ದೆ.

ತಂಗಿ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ನನ್ನ ಹೆಜ್ಜೆ ಕೇಳಿ ಎದ್ದು ಕೂತಳು.

“ಮೇಮಸಾಬರು ಏನರೆ ಹೇಳ್ಯಾರೇನಕ್ಕ? ಯಾವುದು ಬಾರಸಬೇಕಂತ?”

“ಏನೂ ಹೇಳಿಲ್ಲ. ಸಾಮಾನು ಏರಸೂ ಗಡಿಬಿಡಿಯಾಗ ಇದ್ರು.”

“ಒಂದು ಮಾತೂ ಇಲ್ಲಾ?”

“ಇಲ್ಲಂದ್ನೆಲ್ಲ. ದೊಡ್ಡದು ಬಾರಸು. ಸಣ್ಣದು ಬಾರಸಿದ್ರ ನಗತಾರ.”

ಆಕೆ ಮತ್ತೆ ಬಟ್ಟೆ ಹಾಕಿಕೊಂಡು ಮಲಗಿದಳು. ಸಣ್ಣದರ ಮೇಲೆಯೇ ಆಕೆಯ ಮನಸ್ಸಿತ್ತು ಎಂದು ನನಗೆ ಗೊತ್ತಿತ್ತು.

ಕಣ್ಣು ವಾಸಿಯಾದ ಮೇಲೆ ಅಪ್ಪನ ಜೊತೆ ಶಹಾಬಾದಿಗೆ ಹೋದೆವು. ಶಾಲೆಯ ಹಾಲಿಗೆ ಹೊಳಪು ಕೊಟ್ಟ ಫರಸಿ ಕಲ್ಲು ಹಾಸಿದ್ದರು, ಕಾಲಿಗೆ ತಣ್ಣಗಿತ್ತು. ತಂಗಿ ಬಾರಿಸಲು ಶುರು ಮಾಡಿದಳು. ನಾನು ಪಕ್ಕದಲ್ಲಿ ನಿಂತು ಮೊದಲ ಹಾಳೆ ತಿರುವಿದೆ, ಎರಡನೆಯದನ್ನೂ. ದೊಡ್ಡ ಅಕ್ಕೋರು ನನ್ನ ಸೀರೆಯ ಅಂಚು ನೋಡಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಎಡಗೈ ಹಾರುವ ಜಾಗ ಬಂತು. ಕಿರುಬೆರಳು ಮುಟ್ಟಲಿಲ್ಲ. ತಂಗಿ ನಿಂತಳು, ಹಿಂದಿನಿಂದ ಮತ್ತೆ ಹಿಡಿದಳು, ಅದೇ ಜಾಗದಲ್ಲಿ ಮತ್ತೆ ನಿಂತಳು. ಕಿವಿ ಕೆಂಪಾಗಿದ್ದವು. ಹಾಳೆಯ ತುದಿ ಹಿಡಿದ ನನ್ನ ಕೈ ಹಾಗೇ ಇತ್ತು. ತಿರುವಲು ಆಕೆ ತಲೆ ತಗ್ಗಿಸಲೇ ಇಲ್ಲ.

ಅಕ್ಕೋರು ಒಳ್ಳೆಯವರು. ಸಾಕು ಮಗಳೇ ಎಂದರು, ಚಹಾ ತರಿಸಿದರು. ಇಷ್ಟು ದೊಡ್ಡದನ್ನು ಕಲಿಯುವ ಮಕ್ಕಳು ನಮ್ಮಲ್ಲಿಲ್ಲ, ಚಿಕ್ಕವರೊಂದಿಗೆ ಕೂತು ಮೊದಲಿನಿಂದ ಹೇಳಿಕೊಡುವವರು ಬೇಕಿತ್ತು ಎಂದು ಅಪ್ಪನಿಗೆ ಮೆಲ್ಲಗೆ ತಿಳಿಸಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಆಕೆಗೆ ಸಣ್ಣದೊಂದು ಬಾಯಿಪಾಠವೇ ಇದೆ, ಕೇಳಿರಿ ಎನ್ನಬಹುದಿತ್ತು. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಬಸಿಗೆ ಸುರಿದುಕೊಂಡ ಚಹಾವನ್ನು ಪೂರ್ತಿ ಕುಡಿದೆ.

ಬರುವಾಗ ಗಾಡಿಯಲ್ಲಿ ತಂಗಿ ಅಳಲಿಲ್ಲ. ತಾನು ಕಲಿಸುವವಳಲ್ಲ ಎಂದು ಮೇಮಸಾಬರಿಗೆ ಗೊತ್ತಿತ್ತು, ಅದಕ್ಕೇ ಏನೂ ಹೇಳದೆ ಹೋದರು ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ.

ನನ್ನ ಮದುವೆಯಾಯಿತು. ಮರುವರ್ಷ ಆಕೆಯನ್ನು ಸುಲೇಪೇಟಕ್ಕೆ, ಎಣ್ಣೆ ಬೆಲ್ಲದ ವ್ಯಾಪಾರದ ಮನೆಗೆ ಕೊಟ್ಟರು. ಗಂಡ ಒಳ್ಳೆಯವನು. ಭೇಟಿಯಾದಾಗಲೆಲ್ಲ ನಾವು ಹೋಳಿಗೆ, ಹೆರಿಗೆ, ಅತ್ತೆಯರ ಬಗ್ಗೆ ಮಾತಾಡಿದೆವು. ಪಿಯಾನೊದ ಮಾತು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಕೆ ಮರೆತಿದ್ದಾಳೆ ಎಂದು ನಂಬುವುದು ನನಗೆ ಅನುಕೂಲವಾಗಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಆಕೆಯ ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಮರುದಿನ ನಾವಿಬ್ಬರೂ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಾಗ ಊರ ಶಾಲೆಯ ಮಾಸ್ತರರು ಬಂದರು. ಹುಡುಗಿಯರಿಗೆ ಇಂಗ್ಲಿಷ್ ಅಕ್ಷರ, ಹಾರ್ಮೋನಿಯಂ ಮೇಲೆ ನಾಲ್ಕು ಹಾಡು ಹೇಳಿಕೊಡುವವರು ಬೇಕು, ಮನೆಯವರು ಒಪ್ಪಿದ್ದಾರೆ, ನೀವು ಬರ್ರಿ ಎಂದು ಬಾಗಿಲಲ್ಲೇ ನಿಂತು ಕೇಳಿದರು. ತಂಗಿ ಬೇಳೆಯ ಮೊರದಿಂದ ತಲೆ ಎತ್ತಲಿಲ್ಲ. ಬೇರೆ ಯಾರನ್ನಾದರೂ ನೋಡಿ ಎಂದು ಕಳಿಸಿಬಿಟ್ಟಳು.

ಮನೆಯಲ್ಲಿ ಎಲ್ಲರೂ ಒಪ್ಪಿರುವಾಗ ಯಾಕೆ ಬೇಡವೆಂದೆ ಎಂದು ಕೇಳಿದೆ.

“ನಂಗ ಕಲಸೂದು ಬರೂದಿಲ್ಲಕ್ಕ,” ಎಂದಳು. “ಬರತಿದ್ರ ಮೇಮಸಾಬರು ಒಂದು ಮಾತರೆ ಹೇಳಿ ಹೋಗತಿದ್ರು. ಅವರಿಗಿಂತ ಈ ಮಾಸ್ತರಗ ಹೆಚ್ಚು ಗೊತ್ತದ ಏನು?”

ಬೇಳೆಯಲ್ಲಿ ಆಡಿಸುತ್ತಿದ್ದ ನನ್ನ ಕೈ ನಿಂತಿತು. ಇಷ್ಟು ವರ್ಷ ಆಕೆ ಕಳೆದುಕೊಂಡದ್ದು ಬರೀ ಒಂದು ಕೆಲಸ ಎಂದು ನಾನು ತಿಳಿದಿದ್ದೆ.

“ಹೇಳ್ಯಾರ,” ಎಂದೆ. “ಸ್ಟೇಷನ್ನಿನಾಗ ನನ್ನ ಕೈ ಹಿಡದು ಎರಡು ಸಲ ಹೇಳ್ಯಾರ.”

ಆಕೆ ನನ್ನನ್ನೇ ನೋಡಿದಳು. “ಏನಂತ?”

“ಸಣ್ಣದೇ ಬಾರಸಲಿ ಅಂತ. ನೀ ಕಲಸಲಿಕ್ಕಂತೇ ಹುಟ್ಟಿದಾಕಿ ಅಂತ.”

ಒಳಗೆ ಕೂಸು ಅತ್ತಿತು, ಅತ್ತೆ ಎತ್ತಿಕೊಂಡರು.

“ಮತ್ತ ಯಾಕ ಹೇಳಲಿಲ್ಲ ನೀ?”

ಮನೆಯ ಮರ್ಯಾದೆಯ ಕಾರಣ, ಕೌದಿಯ ಕಾರಣ ನಾಲಿಗೆಯ ತುದಿಗೆ ಬಂದವು. ಬಿಟ್ಟೆ.

“ಸಣ್ಣದು ಒಂದೇ ಹಾಳಿ ಇತ್ತು. ನಾ ನಿನ್ನ ಬಾಜು ನಿಂದ್ರಬೇಕಂತ ಆಸೆ ಮಾಡಿದ್ದೆ,” ಎಂದೆ. “ನಂದು ಭಾಳ ತಪ್ಪಾತು ತಂಗಿ. ಅವರು ನಿಂಗ ಕೊಟ್ಟ ಮಾತು ನಾ ಇಟಗೊಂಡು ಕುಂತೆ. ನನ್ನ ಕ್ಷಮಾ ಮಾಡು.”