ಮೊದಲ ಸಲದ ಕೆಂಪು

ನಮ್ಮ ಕಚೇರಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಕೆಂಪಕ್ಕ. ಲಿಫ್ಟನ್ನು ನಡೆಸುವ ಪುಟ್ಟ ಬೋರ್ಡಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ ನಮ್ಮದು. ಬರೆದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಮೂಲೆಯ ಕೋಣೆಯಲ್ಲಿ ಕಬ್ಬಿಣದ ಮೇಜೊಂದರ ಮೇಲೆ ಬೋರ್ಡು, ಸಿಕ್ಕುಸಿಕ್ಕಾದ ವೈರುಗಳು, ಲಿಫ್ಟಿನ ಬಾಗಿಲಿಗೆ ಬದಲಾಗಿ ಒಂದು ಚಿಕ್ಕ ಮೋಟಾರು. ಬೆಳಿಗ್ಗೆ ಏಳೂವರೆಗೆ ಕೆಂಪಕ್ಕ ಬಂದು ಸ್ವಿಚ್ ಹಾಕಿದರೆ, ಕಂಪ್ಯೂಟರು ಆ ಬೋರ್ಡಿನ ಮೇಲೆ ಎರಡು ಸಾವಿರದ ಮುನ್ನೂರು ಪರೀಕ್ಷೆಗಳನ್ನು ಒಂದಾದ ಮೇಲೊಂದು ನಡೆಸಿ, ಪಾಸಾದದ್ದನ್ನು ಹಸಿರಿನಲ್ಲೂ ಫೇಲಾದದ್ದನ್ನು ಕೆಂಪಿನಲ್ಲೂ ತೋರಿಸುತ್ತಿತ್ತು. ಚಹಾ ಕುಡಿಯುವ ಹೊತ್ತಿಗೆ ಯಾರೋ ಒಬ್ಬರು "ಇವತ್ತೆಷ್ಟು ಕೆಂಪು, ಅಕ್ಕಾ?" ಎಂದು ಕೇಳುವುದು ರೂಢಿಯಾಗಿ, ಕೊನೆಗೆ ಅದೇ ಹೆಸರಾಗಿ ನಿಂತಿತು.

ನಾನು ಪಕ್ಕದ ಮೇಜಿನವನು, ಲಿಫ್ಟಿನ ಕೈಪಿಡಿಗಳನ್ನು ಬರೆಯುವವನು. ಹತ್ತೊಂಬತ್ತು ವರ್ಷ ಅವರು ಆ ಕೆಂಪು ಹಸಿರಿನ ಸಾಲುಗಳನ್ನು ಓದಿದ್ದನ್ನು ನಾನು ನೋಡಿದ್ದೇನೆ. ಫಲಿತಾಂಶವೆಂದರೆ ಮೂವತ್ತು ಸಾವಿರ ಸಾಲಿನ ಒಂದು ಕಡತ. ಅದರಲ್ಲಿ ಬೇಕಾದ ಸಾಲು ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಮೌಸ್ ಉರುಳಿಸಿ ಉರುಳಿಸಿ ಅವರ ಬಲಗೈ ಮಣಿಕಟ್ಟಿಗೆ ಪಟ್ಟಿ ಬಂದಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದರು.

"ಫಲಿತಾಂಶ ನೋಡೋದಕ್ಕೆ ಒಂದು ಸಣ್ಣ ಅಪ್ಲಿಕೇಶನ್ ಮಾಡಿಕೊಡಿ" ಎಂದು ಅವರು ಪ್ರೋಗ್ರಾಮರುಗಳನ್ನು ಕೇಳಿದ್ದು ಒಂದು ಸಲವಲ್ಲ. ಪ್ರತಿ ಸಲವೂ ಅದೇ ಉತ್ತರ: "ಮುಂದಿನ ಮೂರು ತಿಂಗಳಲ್ಲಿ ನೋಡೋಣ ಅಕ್ಕಾ." ಆ ಮೂರು ತಿಂಗಳು ನಾಳೆ ಬಾ ಎಂದು ಬಾಗಿಲಿಗೆ ಬರೆದ ಹಾಗೆ ಅಲ್ಲೇ ಇತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ ಅವರು ತಾವೇ ಮಾಡಿಕೊಳ್ಳಲು ಕೂತರು. ಉತ್ಸಾಹದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. "ಇನ್ನು ಕೈಲಾಗಲ್ಲ ಮಾರಾಯ, ಅದಕ್ಕೇ" ಎಂದಿದ್ದರು ನನ್ನ ಹತ್ತಿರ. ಬೆಳಿಗ್ಗೆ ಪರೀಕ್ಷೆಗಳು ಓಡುತ್ತಿರುವ ಒಂದೂವರೆ ಗಂಟೆ ಕಚೇರಿಯಲ್ಲಿ, ಭಾನುವಾರ ಮನೆಯ ಊಟದ ಮೇಜಿನ ಮೇಲೆ. ಮೊದಲು ಮಾಡಿದ್ದು ಒಂದು ಕಿಟಕಿ, ಒಂದು ಗುಂಡಿ, ಒಂದು ಪಟ್ಟಿ. ಚಿಕ್ಕ ಕಡತ ಕೊಟ್ಟರೆ ತೋರಿಸಿತು, ದೊಡ್ಡದು ಕೊಟ್ಟರೆ ಪರದೆ ಕಲ್ಲಾಗಿ ಕೂತಿತು. ಅದನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅಕ್ಷರ ದೊಡ್ಡದು ಮಾಡುವ ಗುಂಡಿ ಬಂತು, ಕೆಂಪನ್ನಷ್ಟೇ ತೋರಿಸು ಅನ್ನುವ ಗುಂಡಿ ಬಂತು. ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ.

ಅವರ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ದಿನವಿಡೀ ಶಿಷ್ಯರ ಪಕ್ಕದಲ್ಲಿ ಕೂತು ತಮ್ಮ ಕಡೆಯ ಬ್ರೇಕ್ ಒತ್ತಿ ಒತ್ತಿ, ಮನೆಯ ಕುರ್ಚಿಯಲ್ಲಿ ಕೂತಾಗಲೂ ಕಾಲು ತಾನಾಗಿ ನೆಲ ಒತ್ತುತ್ತಿತ್ತಂತೆ. ಒಂದು ಭಾನುವಾರ ಅವರು ಹೆಂಡತಿಯ ಹಿಂದೆ ನಿಂತು ಪರದೆ ನೋಡಿದರು.

"ಏನೇ ಇದು, ಟೊಮೆಟೊ ತೋಟ ಇದ್ದ ಹಾಗಿದೆ?"

"ಪರೀಕ್ಷೆ ಫಲಿತಾಂಶ ರೀ. ದಿನಾ ಫೇಲಾಗೋದನ್ನೆಲ್ಲ ಮೇಲೆ ತರ್ತಿದೀನಿ. ಅವೇ ಅಲ್ವಾ ಅಪಾಯದ್ದು?"

"ದಿನಾ ತಪ್ಪು ಮಾಡೋ ಶಿಷ್ಯನಿಂದ ನಂಗ್ಯಾವತ್ತೂ ಅಪಾಯ ಆಗಿಲ್ಲ ಕಣೆ. ಅವನು ಬಂದು ಕೂತ ಕೂಡ್ಲೇ ನನ್ನ ಕಾಲು ಬ್ರೇಕ್ ಮೇಲಿರತ್ತೆ. ತಿಂಗಳಿಗೊಂದ್ಸಲ ತಪ್ಪು ಮಾಡ್ತಾನಲ್ಲ, ಅವನು ನನ್ನ ಎರಡು ಸಲ ಗೋಡೆಗೆ ಗುದ್ದಿಸಿದಾನೆ."

ಕೆಂಪಕ್ಕ ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದರು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಯಾಕೆಂದರೆ ನಮ್ಮಲ್ಲಿ ಅಂಥ ಪರೀಕ್ಷೆಗಳಿಗೆ ಒಂದು ಪಟ್ಟಿಯೇ ಇತ್ತು. ಅದಕ್ಕೆ ತಿಕ್ಕಲು ಪಟ್ಟಿ ಎಂದು ಹೆಸರು. ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಪರೀಕ್ಷೆಯನ್ನು ಅದಕ್ಕೆ ಸೇರಿಸುವುದು. ಫೇಲಾದರೆ ಇನ್ನೊಮ್ಮೆ ಓಡಿಸುವುದು. ಎರಡನೇ ಸಲ ಪಾಸಾದರೆ ಹಸಿರು. ಮೊದಲ ಸಲದ ಕೆಂಪು ಕಡತದ ಹೊಟ್ಟೆಯೊಳಗೆ ಎಲ್ಲೋ ಇರುತ್ತಿತ್ತು, ಲೆಕ್ಕಕ್ಕಿರಲಿಲ್ಲ.

ಮುಂದಿನ ಎರಡು ತಿಂಗಳು ಅವರು ಮಾಡಿದ್ದು ಇಷ್ಟು: ಪ್ರತಿ ಪರೀಕ್ಷೆಯ ಮುಂದೆ ಒಂದು ಉದ್ದನೆಯ ಸಾಲು, ಆ ಸಾಲಿನಲ್ಲಿ ದಿನಕ್ಕೊಂದು ಪುಟ್ಟ ಚೌಕ, ಆ ಚೌಕದಲ್ಲಿ ಮೊದಲ ಸಲ ಬಂದ ಬಣ್ಣ ಮಾತ್ರ. ಆರು ವರ್ಷದ ಹಳೆಯ ಕಡತಗಳು ಒಂದು ಮೂಲೆಯ ಡಿಸ್ಕಿನಲ್ಲಿ ಬಿದ್ದಿದ್ದವು. ಅಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಹಾಗಾಗಿ ಉಳಿದಿದ್ದವು. ಅವನ್ನೆಲ್ಲ ಅಪ್ಲಿಕೇಶನ್ನಿಗೆ ತುಂಬಿಸಿದರು.

ಒಂದು ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತೆಗೆದು ಹಾಗೇ ಇಟ್ಟು ಕೂತಿದ್ದರು.

"ಏನಾಯ್ತು?" ಎಂದೆ.

"ಇಲ್ಲಿ ನೋಡು. ಸಾವಿರದ ನೂರಾ ನಲವತ್ತೇಳು."

ಕರೆಂಟು ಹೋಗಿ ಬಂದಮೇಲೆ ಲಿಫ್ಟು ತಾನು ಯಾವ ಮಹಡಿಯಲ್ಲಿದ್ದೇನೆ ಎಂದು ಖಚಿತ ಮಾಡಿಕೊಳ್ಳದೆ ಬಾಗಿಲು ತೆಗೆಯಬಾರದು. ಆ ಪರೀಕ್ಷೆ ಅದು; ಸಂಖ್ಯೆ ಏನೇ ಇರಲಿ, ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಮೊದಲು ಓಡುವುದು ಅದೇ. ಹಸಿರು ಚೌಕಗಳ ಉದ್ದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು. ಒಟ್ಟು ಮೂವತ್ತೊಂದು. ಕೆಂಪಕ್ಕ ಪ್ರತಿಯೊಂದರ ಮೇಲೂ ಬೆರಳಿಟ್ಟು ತಾರೀಖು ಓದಿದರು. ಎಲ್ಲವೂ ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಸಾಲಾಗಿ ರಜೆಯಿದ್ದು, ಕೋಣೆಯ ಮೇನ್ ಸ್ವಿಚ್ ಆರಿದ್ದು, ಆಮೇಲೆ ಬಂದ ಬೆಳಿಗ್ಗೆಗಳು. ಬೇರೆ ಒಂದು ದಿನವೂ ಇಲ್ಲ.

ಬೋರ್ಡಿನ ಮೇಲೆ ಗುಂಡಿಯಷ್ಟಗಲದ ಬ್ಯಾಟರಿಯಿದೆ, ಕರೆಂಟಿಲ್ಲದಾಗ ಮಹಡಿಯ ನೆನಪು ಇಟ್ಟುಕೊಳ್ಳುವುದು ಅದೇ. ಮೂರು ದಿನಕ್ಕೆ ಅದು ಪೂರ್ತಿ ಇಳಿದರೆ ನೆನಪಿನ ಜಾಗದಲ್ಲಿ ಕಸ ಉಳಿಯುತ್ತದೆ. ಸಾಫ್ಟ್‌ವೇರು ಆ ಕಸವನ್ನೇ ಮಹಡಿಯೆಂದು ನಂಬುತ್ತಿತ್ತು. ಎರಡನೇ ಸಲ ಓಡಿಸುವಷ್ಟರಲ್ಲಿ ಬ್ಯಾಟರಿ ಸ್ವಲ್ಪ ತುಂಬಿ ಎಲ್ಲ ಸರಿಹೋಗುತ್ತಿತ್ತು.

"ಇದನ್ನ ತಿಕ್ಕಲು ಪಟ್ಟಿಗೆ ಹಾಕಿದ್ದು ಯಾರು?" ಎಂದು ಕೇಳಿದೆ. ಕೇಳಬಾರದಿತ್ತು.

ಅವರು ಪಟ್ಟಿ ತೆರೆದು ತೋರಿಸಿದರು. 'ಮೇಜಿನ ದೋಷ. ಇನ್ನೊಮ್ಮೆ ಓಡಿಸಿ.' ಅಂದರೆ ತಪ್ಪು ಮೇಜಿನ ವೈರುಗಳದು, ಸಾಫ್ಟ್‌ವೇರಿನದಲ್ಲ. ಕೆಳಗೆ ಅವರದೇ ಸಹಿ, ಆರು ವರ್ಷದ ಹಿಂದಿನದು.

ಪಟ್ಟಿ ಮುಚ್ಚಿ ಕೇಳಿದರು: "ನಿನ್ನ ಹತ್ರ ಗಿರಾಕಿಗಳ ದೂರಿನ ಕಡತ ಇರತ್ತಲ್ಲ. ತುಂಬಾ ದಿನ ಕರೆಂಟಿಲ್ದೆ ಇದ್ದು ಬಾಗಿಲು ತಪ್ಪಾಗಿ ತೆಗೆದ ದೂರು ಏನಾದ್ರೂ ಇದೆಯಾ?"

ಇತ್ತು. ನಾಲ್ಕು ವರ್ಷದ ಹಿಂದಿನದು. ರಿಪೇರಿಗೆಂದು ಐದು ದಿನ ಮುಚ್ಚಿದ್ದ ಕಟ್ಟಡ. ತೆರೆದ ದಿನ ಲಿಫ್ಟು ಮಹಡಿಗಿಂತ ಒಂದು ಮೊಳ ಕೆಳಗೆ ನಿಂತೇ ಬಾಗಿಲು ತೆಗೆದಿತ್ತು. ಗುಡಿಸಲು ಬಂದ ಹೆಂಗಸು ನೋಡದೆ ಕಾಲಿಟ್ಟು ಬಿದ್ದು, ಕೈ ಮುರಿದುಕೊಂಡಿದ್ದಳು. ಕಾರಣದ ಜಾಗದಲ್ಲಿ ಬರೆದಿತ್ತು: 'ಮೆಕ್ಯಾನಿಕ್ ಸೆನ್ಸರನ್ನು ಸರಿಯಾಗಿ ಕೂರಿಸಿಲ್ಲ.' ಆ ಮೆಕ್ಯಾನಿಕನ ಹೆಸರನ್ನು ನಮ್ಮ ಪಟ್ಟಿಯಿಂದ ತೆಗೆದುಹಾಕಿದ್ದರು. ಕೆಂಪಕ್ಕ ಅದನ್ನು ಎರಡು ಸಲ ಓದಿ, ಡಬ್ಬಿಯ ಮುಚ್ಚಳ ಹಾಕಿದರು.

ಮ್ಯಾನೇಜರ ಕೋಣೆಗೆ ಅವರು ಹೋದಾಗ ಬಾಗಿಲು ತೆರೆದೇ ಇತ್ತು. ಮಾತೆಲ್ಲ ನಮಗೆ ಕೇಳಿಸಿತು.

"ಹೊಸ ಆವೃತ್ತಿ ಬಿಡುಗಡೆಗೆ ಒಂಬತ್ತು ದಿನ ಇದೆ. ಈಗ ಬಂದು ಈ ಬಣ್ಣದ ಚಿತ್ರ ತೋರಿಸಿದ್ರೆ ನಾನೇನ್ ಮಾಡ್ಲಿ? ಮೇಜಿನ ದೋಷ ಅಂತ ಬರೆದೋರು ಯಾರು?"

"ನಾನೇ ಸಾರ್."

"ಅಂದ್ರೆ ಆಗ ನೀವು ಹೇಳಿದ್ದು ಸರಿ, ಈಗ ತಪ್ಪಾ?"

"ಆಗ್ಲೂ ತಪ್ಪೇ ಸಾರ್. ಒಂದೊಂದೇ ದಿನ ನೋಡ್ತಿದ್ದೆ. ಸಾಲಾಗಿಟ್ಟು ನೋಡಿರ್ಲಿಲ್ಲ."

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. "ನಾಲ್ಕು ದಿನ ಮೇನ್ ಸ್ವಿಚ್ ಆರಿಸಿ ಕೋಣೆಗೆ ಬೀಗ ಹಾಕಿ. ಆಮೇಲೆ ನೋಡೋಣ" ಎಂದರು.

ನಾಲ್ಕು ದಿನ ಕೆಂಪಕ್ಕನಿಗೆ ಮಾಡಲು ಕೆಲಸವಿರಲಿಲ್ಲ. ಮೇಜಿನ ಡ್ರಾಯರು ಖಾಲಿ ಮಾಡಿ ಮತ್ತೆ ತುಂಬಿದರು. ಐದನೆಯ ಬೆಳಿಗ್ಗೆ ಏಳೆಂಟು ಜನ ಆ ಕೋಣೆಯಲ್ಲಿ ಕಿಕ್ಕಿರಿದು ನಿಂತೆವು. ಸ್ವಿಚ್ ಹಾಕಿದ ಮೂರನೆಯ ಸೆಕೆಂಡಿಗೇ, ಯಾವ ಮಹಡಿಯೆಂದು ನೋಡದೆಯೇ, ಬಾಗಿಲಿನ ಮೋಟಾರು ಗರ್ರೆಂದು ತಿರುಗಿತು. ಹಿರಿಯ ಪ್ರೋಗ್ರಾಮರೊಬ್ಬರು ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಹೋಗಿ, ಒಂದು ಗಂಟೆಯೊಳಗೆ ಮೂರು ಸಾಲು ತಿದ್ದಿದರು. ಅಷ್ಟೇ. ಬಿಡುಗಡೆ ಮುಂದಕ್ಕೆ ಹೋಯಿತು. ಈಗಾಗಲೇ ಕೂರಿಸಿದ್ದ ಲಿಫ್ಟುಗಳಿಗೆಲ್ಲ ಹೊಸ ಸಾಫ್ಟ್‌ವೇರು ಹಾಕಿ ಮುಗಿಸಲು ಏಳು ತಿಂಗಳು ಹಿಡಿಯಿತು.

ಕೆಂಪಕ್ಕ ಇನ್ನೆರಡು ವಿಷಯ ಕೇಳಿದರು. ಬಿದ್ದ ಹೆಂಗಸಿಗೆ ತಿಳಿಸಬೇಕು, ಮೆಕ್ಯಾನಿಕನದು ತಪ್ಪಿಲ್ಲವೆಂದು ಬರೆದುಕೊಡಬೇಕು. ಹೆಂಗಸು ಕೆಲಸ ಬಿಟ್ಟು ಎಲ್ಲಿಗೆ ಹೋದಳೋ ಆ ಕಟ್ಟಡದವರಿಗೆ ಗೊತ್ತಿರಲಿಲ್ಲ. ಮೆಕ್ಯಾನಿಕನ ಪತ್ರ ವಕೀಲರ ಮೇಜಿನಿಂದ ಮೇಜಿಗೆ ಆಮೆಯ ಹಾಗೆ ಹೋಗುತ್ತಿತ್ತು. ಆರು ವಾರ ಕಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಕೆಂಪಕ್ಕ, "ನಂಜೊತೆ ಬರ್ತೀಯಾ? ಒಬ್ಳೇ ಹೋಗೋ ಧೈರ್ಯ ಇಲ್ಲ" ಎಂದರು.

ಆ ಮೆಕ್ಯಾನಿಕ್ ಈಗ ಅಂಗಡಿಗಳ ಶಟರ್, ಅಂದರೆ ಉರುಳುಬಾಗಿಲು, ರಿಪೇರಿ ಮಾಡುತ್ತಿದ್ದ. ಒಂದು ಮುಚ್ಚಿದ ಅಂಗಡಿಯ ಮುಂದೆ ಏಣಿಯ ಮೇಲಿದ್ದವನು ಇಳಿದು ಬಂದು, ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೆಂಪಕ್ಕ ಹೇಳಿದ್ದನ್ನೆಲ್ಲ ಕೇಳಿದ.

"ಹಾಗಾದ್ರೆ ನಾನು ಸೆನ್ಸರ್ ಸರಿಯಾಗೇ ಕೂರಿಸಿದ್ದೆ."

"ಸರಿಯಾಗೇ ಕೂರಿಸಿದ್ರಿ. ತಪ್ಪು ನಮ್ದು. ಅದ್ರಲ್ಲೂ ನಂದು."

ಆತ ಬಟ್ಟೆಯನ್ನು ಮಡಚಿದ. "ನಾಲ್ಕು ವರ್ಷ ಮೇಡಂ, ರಾತ್ರಿ ಮಲಗಿದಾಗೆಲ್ಲ ಆ ನಟ್ಟನ್ನ ಮನಸ್ಸಲ್ಲೇ ಬಿಗೀತಿದ್ದೆ. ಎಷ್ಟು ಸುತ್ತು ತಿರುಗಿಸ್ದೆ, ಎಲ್ಲಿ ಬಿಟ್ಟೆ ಅಂತ. ಕೊನೆಕೊನೆಗೆ ನಂಗೇ ಅನ್ನಿಸ್ಬಿಟ್ಟಿತ್ತು, ಸರಿಯಾಗಿ ಬಿಗಿದಿಲ್ಲ ಅಂತ. ಬಿದ್ದ ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಬೇರೆ ಕೇಳಿ ಬಂದೆ."

ಕೆಂಪಕ್ಕ, "ಪತ್ರ ಬರತ್ತೆ. ನಮ್ಮ ಪಟ್ಟಿಗೆ ಮತ್ತೆ ಸೇರಿಸ್ತಾರೆ. ಬನ್ನಿ" ಎಂದರು.

"ಪತ್ರ ಕೊಡಿ, ಇಟ್ಕೋತೀನಿ. ಮನೇಲಿ ತೋರಿಸ್ಬೇಕು. ಲಿಫ್ಟ್ ಕೆಲ್ಸ ಬೇಡ ಮೇಡಂ. ಉರುಳುಬಾಗಿಲು ಬಿದ್ರೆ ಕೆಳಗೆ ಬೀಳತ್ತೆ, ಅಷ್ಟೇ. ಯಾರನ್ನೂ ಒಳಗೆ ಕೂರಿಸ್ಕೊಂಡು ಬೀಳಲ್ಲ." ನಕ್ಕ. ನಮಗೆ ನಗು ಬರಲಿಲ್ಲ. ಮತ್ತೆ ಏಣಿ ಹತ್ತುವ ಮುಂಚೆ, "ನೀವು ಬರದೇ ಇದ್ರೂ ನಡೀತಿತ್ತು. ಬಂದ್ರಲ್ಲ" ಎಂದ. ಆ ಅಮ್ಮ ಮೊದಲಿದ್ದ ಮನೆಯ ಗುರುತನ್ನೂ ಹೇಳಿದ. ಅಲ್ಲಿ ಕೇಳಿದಾಗ ಮಗಳ ಫೋನ್ ನಂಬರು ಸಿಕ್ಕಿತು, ಕೆಂಪಕ್ಕ ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಪತ್ರ ಬಂದದ್ದು ಮತ್ತೊಂದು ವಾರಕ್ಕೆ. ಅದನ್ನೂ ಅವರೇ ಒಯ್ದು ಕೊಟ್ಟರು.

ಇತ್ತ ಕಚೇರಿಯಲ್ಲಿ ಎಲ್ಲರೂ ಆ ಅಪ್ಲಿಕೇಶನ್ನನ್ನು ತಮ್ಮ ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಬೇಕೆಂದು ಆದೇಶವಾಯಿತು. ಚಪ್ಪಾಳೆ ಒಂದು ದಿನ, ತಕರಾರು ದಿನವೂ. "ಅಕ್ಕಾ, ಕಿಟಕಿ ಚಿಕ್ಕದಾಗ್ತಿಲ್ಲ." "ಅಕ್ಕಾ, ನನ್ನ ಕಡತ ತೆರೀತಿಲ್ಲ." "ಅಕ್ಕಾ, ಬಣ್ಣ ಕಣ್ಣಿಗೆ ಹೊಡೀತಿದೆ." ಮೊದಲು ಮೂವತ್ತು ಸಾವಿರ ಸಾಲು ಓದುತ್ತಿದ್ದವರು ಈಗ ನಲವತ್ತು ಜನರ ಗೋಳು ಓದಿದರು. ಬೇಡ ಅನ್ನಲು ಅವರಿಗೆ ಬರುತ್ತಿರಲಿಲ್ಲ. ಮಣಿಕಟ್ಟಿನ ಪಟ್ಟಿ ಎಡಗೈಗೂ ಬಂತು.

ಒಂದೂವರೆ ವರ್ಷದ ಮೇಲೆ ಕಂಪನಿ ಹೊರಗಿನಿಂದ ಸಿದ್ಧ ಅಪ್ಲಿಕೇಶನ್ ತರಿಸಿತು. ನಮಗೆಲ್ಲ ಕಸಿವಿಸಿ, ಅವರ ಮುಂದೆ ಆ ಮಾತೆತ್ತಲು. ಅವರು ಮಾತ್ರ ತಾವಾಗಿಯೇ ಹಳೆಯ ಫಲಿತಾಂಶಗಳನ್ನೆಲ್ಲ ಹೊಸದಕ್ಕೆ ಸಾಗಿಸಿದರು. ಮೂರು ವಾರದ ಕೆಲಸ ಅದು. ಕಲಿಸಲು ಬಂದವನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಮೊದಲ ಸಲದ ಫಲಿತಾಂಶ ಇಟ್ಕೊಳತ್ತಾ?" "ಬೇಕಿದ್ರೆ ಇಟ್ಕೊಳತ್ತೆ ಮೇಡಂ, ಮಾಮೂಲಿಯಾಗಿ ಯಾರೂ ಕೇಳಲ್ಲ" ಎಂದ ಆತ. ಕೆಂಪಕ್ಕ ಅವನ ಪಕ್ಕ ನಿಂತು ಆ ಆಯ್ಕೆಗೆ ಗುರುತು ಹಾಕಿಸಿಯೇ ಹೋದರು.

"ಬೇಜಾರಾಗಲ್ವಾ ಅಕ್ಕಾ?" ಎಂದು ನಾನು ಕೇಳಿದೆ.

"ಬೇಜಾರಾಗೋಕೂ ಸ್ವಲ್ಪ ಶಕ್ತಿ ಬೇಕಪ್ಪ" ಎಂದರು.

ಮಾರನೆಯ ದಿನದಿಂದ ಹದಿನೈದು ದಿನ ರಜೆ ಹಾಕಿದರು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅಷ್ಟು ಉದ್ದದ ರಜೆ ಅದೇ ಮೊದಲು. ಗಂಡ ಎಲ್ಲಿಗಾದರೂ ಹೋಗಿಬರೋಣ ಎಂದು ಕಾರಿಗೆ ಪೆಟ್ರೋಲು ತುಂಬಿಸಿ ಬಂದರಂತೆ. ಇವರು ಮೂರು ದಿನ ಮಲಗಿದರಂತೆ, ಊಟಕ್ಕಷ್ಟೇ ಎದ್ದು. ನಾಲ್ಕನೆಯ ದಿನ ಗಂಡ ಮತ್ತೆ ಕೇಳಿದಾಗ, ಅಂಗಳದ ಮೆಟ್ಟಿಲ ಮೇಲೆ ಕೂತಿದ್ದವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ಎಲ್ಲಿಗೂ ಬೇಡ ರೀ. ಇಲ್ಲೇ ಸ್ವಲ್ಪ ಹೊತ್ತು ಕೂತಿರಿ."