ಕಾಂಕ್ರೀಟಿನ ಉಸಿರು ಹಿಡಿದ ಮೇಸ್ತ್ರಿ

ಸುಣ್ಣ, ಸಿಮೆಂಟು ಸೇರಿ ತಿಂದುಹಾಕಿ ಆ ಮೇಸ್ತ್ರಿಯವರ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಆ ಕೈಯನ್ನು ಕಾಂಕ್ರೀಟು ಸುರಿಯಲು ಕಟ್ಟಿದ ಸೆಂಟ್ರಿಂಗ್ ಹಲಗೆಗೆ ಒತ್ತಿ, ಕಣ್ಣು ಮುಚ್ಚಿ, ಒಳಗಿನ ಕಾಂಕ್ರೀಟು ಹೇಗಿದೆಯೆಂದು ಹೇಳುತ್ತಿದ್ದರು. ಹೊಸದಾಗಿ ಇಂಜಿನಿಯರಾಗಿದ್ದ ನಾನು ಒಳಗೊಳಗೇ ನಗುತ್ತಿದ್ದೆ.

ಐವತ್ತರ ದಶಕದ ಕೊನೆ. ಹರಿಹರದಾಚೆ ಕೊಕ್ಕನೂರಿನ ಕಡೆ ಕಾಲುವೆಗೆ ಸೇತುವೆ ಕಟ್ಟುತ್ತಿದ್ದೆವು. ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ಯಂತ್ರ ಮೊದಲ ಸಲ ಬಂದಿತ್ತು. ಅದರ ಕೊಳವೆ ಇಳಿದದ್ದೇ ತಡ, ಗುಪ್ಪೆಯಾಗಿ ಮೊಂಡು ಹಿಡಿದು ಕೂತಿದ್ದ ಕಾಂಕ್ರೀಟು ಅಂಬಲಿಯಂತೆ ಹರಿದು ಮೂಲೆಮೂಲೆ ಸೇರಿತು. ಗುಳ್ಳೆಗಳು ಮೇಲೆದ್ದು ಒಡೆದವು.

"ಹನಿ ನೀರು ಹಾಕಿಲ್ಲ, ಹೆಂಗೆ ಹರೀತೈತೆ ನೋಡ್ರಿ ಸಾಹೇಬ್ರ!" ಮೇಸ್ತ್ರಿ ಮಗುವಿನಂತೆ ನಕ್ಕರು.

ಎರಡೇ ದಿನದಲ್ಲಿ ಅದರ ಮರ್ಮ ಹಿಡಿದರು. ನಾನು ಕೊಳವೆಯನ್ನು ಒಂದೇ ಕಡೆ ಬಹಳ ಹೊತ್ತು ಹಿಡಿಸಿದರೆ, "ಬ್ಯಾಡ್ರಿ, ಜಲ್ಲಿ ತಳಕ್ಕೆ ಹೋಗಿ ಮ್ಯಾಲೆ ಬರೀ ಸಿಮೆಂಟಿನ ಹಾಲು ಉಳೀತೈತೆ" ಎಂದು ಎತ್ತಿಸುವರು. ಪುಸ್ತಕದಲ್ಲಿದ್ದದ್ದೂ ಅದೇ. ಇವರಿಗೆ ಯಾರು ಹೇಳಿದರೋ!

ಕೊನೆಯ ಕಂಬ ಅರ್ಧ ತುಂಬಿದಾಗ ಯಂತ್ರ ಕೆಟ್ಟು ನಿಂತಿತು. ದಾವಣಗೆರೆಯಿಂದ ರಿಪೇರಿಯವನು ಬರುವುದರೊಳಗೆ ಕಾಂಕ್ರೀಟು ಬಿಗಿದು, ಮೇಲೆ ಸುರಿಯುವುದು ಅದಕ್ಕೆ ಕೂಡಿಕೊಳ್ಳದೆ, ಕಂಬ ಎರಡು ತುಂಡಾದಂತೆಯೇ. ಮೇಸ್ತ್ರಿ ನಾಲ್ಕೂ ಮಗ್ಗುಲಿಗೆ ಆಳು ನಿಲ್ಲಿಸಿ ಮರದ ಕೊಡತಿ ಕೊಟ್ಟರು. ಮೇಲಿನಿಂದ ಇಬ್ಬರು ಸಲಾಕಿಯಲ್ಲಿ ಕುಟ್ಟಿದರು. ತಾವು ಹಲಗೆ ಮುಟ್ಟುತ್ತಾ ಸುತ್ತಿದರು: "ಇಲ್ಲಿ ಹೊಡಿ. ಹ್ಞಾಂ, ಈಗ ಮ್ಯಾಲೆ." ಡಬಡಬ ಎನ್ನುತ್ತಿದ್ದ ಹಲಗೆಯ ಸದ್ದು ಬರಬರುತ್ತಾ ಗಟ್ಟಿಯಾಯಿತು. ನಾನೂ ಹಲಗೆಗೆ ಕಿವಿಯಿಟ್ಟೆ. ಕೊನೆಯ ಮಗ್ಗುಲಲ್ಲಿ ಅವರು, "ಒಳಗೆ ಗಾಳಿ ಐತೆ, ಇನ್ನೂ ಉಸಿರಾಡ್ತಾ ಐತ್ರಿ" ಎಂದರು. ಹಲಗೆ ಬಿರಿದೀತೆಂದು ಹೆದರಿ ನಾನೇ, "ಸಾಕು, ನಿಲ್ಲಿಸಿ" ಎಂದೆ.

ಹಲಗೆ ಬಿಚ್ಚಿದಾಗ ಮೂರು ಮಗ್ಗುಲು ಹೊಳೆಗಲ್ಲಿನಂತೆ ನುಣುಪು. ನಾನು ನಿಲ್ಲಿಸಿದ ಕಡೆ ಗೇಣಗಲ ಜಾಗ ತೂತುತೂತಾಗಿ, ಜಲ್ಲಿ ಹಲ್ಲು ಕಿಸಿಯುತ್ತಿತ್ತು. ಮೇಲಿನ ಸಾಹೇಬರು ನೋಡಿದರೆ ನನ್ನ ಕೆಲಸಕ್ಕೇ ಕುತ್ತು.

"ಮೇಸ್ತ್ರಿ, ಬೇಗ ಗಾರೆ ಬಳಿದುಬಿಡಿ."

"ಬಳಿದ್ರೆ ಮ್ಯಾಲಿನ ಸಾಹೇಬ್ರ ಕಣ್ಣಿಗೆ ಕಾಣಂಗಿಲ್ಲ, ಅಷ್ಟೇ. ಭಾರ ಹೊರೋ ಕಂಬಕ್ಕೆ ಗೊತ್ತಿರ್ತೈತಲ್ರಿ?" ಎಂದು ಉಳಿ ತೆಗೆದುಕೊಂಡು ಕಡಿಯತೊಡಗಿದರು.

ಮೇಲಿನ ಸಾಹೇಬರು ಬಂದು ತೂತು ನೋಡಿ ಸಿಡುಕಿದರು: "ಪೂರ್ತಿ ಕುಟ್ಟೋ ಮೊದಲೇ ಯಾರು ನಿಲ್ಲಿಸಿದ್ದು?" ಮೇಸ್ತ್ರಿ ತಲೆಯೆತ್ತಲಿಲ್ಲ, ಕಡಿಯುತ್ತಲೇ ಇದ್ದರು. ನಾನು ಮುಂದೆ ಬಂದು, "ನಾನೇ ಸಾರ್" ಎಂದೆ. ಬೈಗುಳ ತಿಂದೆ. ಕೆಲಸ ಉಳಿಯಿತು. ಗಟ್ಟಿ ಸಿಗುವತನಕ ಕಡಿದು, ಮತ್ತೆ ತುಂಬಿ, ಕಂಬವನ್ನೂ ಮೇಸ್ತ್ರಿ ಉಳಿಸಿದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಸೇತುವೆಯಾದ ಮೇಲೆ ನಾನು ಎಷ್ಟೋ ಸೇತುವೆ ಕಟ್ಟಿಸಿದೆ. ಎಲ್ಲಿಯೂ ಅಲ್ಲಿನ ಮೇಸ್ತ್ರಿಗಿಂತ ಮೊದಲು "ಸಾಕು" ಎಂದವನಲ್ಲ.